ಬ್ರಿಟಿಷ್ ಮುಷ್ಟಿಮಲ್ಲರಲ್ಲಿ ಅಗ್ರಗಣ್ಯನಾರು?

ಇಂಗ್ಲೆಂಡಿನ ಪಾನಗೃಹಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹುಕಾಲದಿಂದ ನಡೆಯುತ್ತಿದ್ದು ಇನ್ನೂ ಬಗೆಹರಿಯದ ಒಂದು ವ್ಯಾಜ್ಯವನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ. ಬ್ರಿಟನ್ನಿನಲ್ಲಿ ಹುಟ್ಟಿದ ಮುಷ್ಟಿಮಲ್ಲರೊಳಗೆ ಎಲ್ಲರಿಗಿಂತ ಹಿರಿಯನು ಯಾರು, ಅವನ ಬೆನ್ನಿಗೆ ನಿಲ್ಲತಕ್ಕವರು ಯಾರು ಎಂಬುದೇ ಆ ವ್ಯಾಜ್ಯ. ಮೇಲುನೋಟಕ್ಕೆ ಇದು ಕೆಲಸವಿಲ್ಲದವರ ಹರಟೆಯೆಂದು ತೋರಬಹುದು. ಆದರೆ ಉಳಿದು ಬಂದ ದಾಖಲೆಗಳನ್ನು ತೂಗಿನೋಡಿ ಯಾರಿಗೆ ಎಷ್ಟು ಮಾನ್ಯತೆ ಸಲ್ಲಬೇಕೆಂದು ತೀರ್ಮಾನಿಸುವುದು ಚರಿತ್ರಕಾರನ ನಿತ್ಯದ ಕಸುಬೇ ಆಗಿದೆ. ತೂಗುವ ತಕ್ಕಡಿಯೇ ಡೊಂಕಾಗಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಅವನಿಗೆ ಹೊಸದಲ್ಲ. ಮುಷ್ಟಿಯುದ್ಧವೆಂದೊಡನೆ ನಮ್ಮವರಿಗೆ ದಸರೆಯ ವಜ್ರಮುಷ್ಟಿ ಕಾಳಗವು ನೆನಪಾಗುವುದು ಸಹಜ. ಈಗ ಹೇಳುವುದು ಅದಲ್ಲ. ಬಿಗಿಹಿಡಿದ ಬರಿಯ ಕೈಯಿಂದಲೋ ಗವಸು ತೊಟ್ಟ ಕೈಯಿಂದಲೋ ಹೊಡೆದಾಡುವ ಆಂಗ್ಲರ ಪಂದ್ಯ.

ಬರಿಗೈಯ ಕಾಲವನ್ನು ಮೊದಲು ನೋಡೋಣ. 1719ರಲ್ಲಿ ಜೇಮ್ಸ್ ಫಿಗ್ ಎಂಬವನು ಲಂಡನ್ನಿನಲ್ಲಿ ಗರಡಿಯೊಂದನ್ನು ತೆರೆದನು. ಮೊದಲ ಚಾಂಪಿಯನ್ ಎಂಬ ಹೆಸರು ಅವನಿಗೇ ಸಲ್ಲುತ್ತದೆ. 1743ರಲ್ಲಿ ಜಾಕ್ ಬ್ರೌಟನ್ನನು ನಿಯಮಗಳನ್ನು ಬರೆದನು. ಬಿದ್ದವನನ್ನು ಹೊಡೆಯಕೂಡದು, ಬಿದ್ದವನು ಅರ್ಧ ನಿಮಿಷದೊಳಗೆ ಗೆರೆಗೆ ಬಂದು ನಿಲ್ಲಬೇಕು ಎಂಬವು ಅವುಗಳಲ್ಲಿ ಮುಖ್ಯ. ಅನಂತರ ಬಂದ ಡೇನಿಯಲ್ ಮೆಂಡೋಜನು ಲಂಡನ್ನಿನ ಯೆಹೂದ್ಯನು. ತೂಕ 160 ಪೌಂಡಿನ ಸುಮಾರು. ತನಗಿಂತ ದೊಡ್ಡ ದೇಹದವರನ್ನು ತಪ್ಪಿಸಿಕೊಳ್ಳುವ ಚಾತುರ್ಯದಿಂದಲೇ ಸೋಲಿಸಿ, ಹೊಡೆತವನ್ನು ತಿನ್ನುವುದು ಪೌರುಷವಲ್ಲ, ತಿನ್ನದಿರುವುದು ವಿದ್ಯೆ ಎಂದು ತೋರಿಸಿದವನು ಅವನು. 1795ರಲ್ಲಿ ಜಾನ್ ಜಾಕ್ಸನ್ನನು ಅವನ ನೀಳಗೂದಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಡಿದು ಗೆದ್ದನು. ಅಂದಿನ ನಿಯಮಕ್ಕೆ ಅದು ವಿರುದ್ಧವಾಗಿರಲಿಲ್ಲವಂತೆ! 1860ರ ಏಪ್ರಿಲಿನಲ್ಲಿ ಟಾಮ್ ಸೇಯರ್ಸನು ತನಗಿಂತ ಎತ್ತರದ, ಬಹಳ ಹೆಚ್ಚು ತೂಕದ ಅಮೆರಿಕದ ಹೀನನ್ ಎಂಬವನೊಡನೆ ಫಾರ್ನ್‌ಬರೋ ಬಯಲಿನಲ್ಲಿ ಎರಡು ಗಂಟೆಗೂ ಮೀರಿ ಕಾದಿದನು. ಬಲತೋಳು ಆರಂಭದಲ್ಲಿಯೇ ಜಖಮಾಗಿ, ಉಳಿದುದನ್ನೆಲ್ಲ ಎಡಗೈಯಲ್ಲಿ ನಡೆಸಿದನು. ಜನ ನುಗ್ಗಿ ಕಣವು ಮುರಿದುಬಿತ್ತು, ಯಾರೂ ಗೆಲ್ಲಲಿಲ್ಲ.

1867ರಲ್ಲಿ ಕ್ವೀನ್ಸ್‌ಬೆರಿಯ ಹೆಸರಿನ ನಿಯಮಗಳು ಹೊರಟುವು. ಕೈಗವಸು, ಮೂರು ನಿಮಿಷದ ಸುತ್ತು, ಹತ್ತು ಎಣಿಸುವ ಕಟ್ಟಳೆ, ಇವು ಬಂದ ಮೇಲೆ ಆಟವೇ ಬೇರೆಯಾಯಿತು. ಆದಕಾರಣ ಬರಿಗೈಯವರನ್ನೂ ಗವಸಿನವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದಕ್ಕೆ ನಾವು ಒಪ್ಪೆವು. ಬರಿಗೈಯವರ ಪಂಕ್ತಿಯಲ್ಲಿ ಮೆಂಡೋಜನಿಗೆ ಮೊದಲ ಮಣೆ ಹಾಕಿ ಮುಂದೆ ಸಾಗುತ್ತೇವೆ.

ಗವಸಿನವರಲ್ಲಿ ಮೊದಲು ಎದುರಾಗುವುದು ಬಾಬ್ ಫಿಟ್ಸಿಮನ್ಸನ ತೊಡಕು. ಹುಟ್ಟಿದ್ದು 1863ರಲ್ಲಿ, ಕಾರ್ನ್‌ವಾಲಿನ ಹೆಲ್‌ಸ್ಟನ್ನಿನಲ್ಲಿ. ಬೆಳೆದು ಕಮ್ಮಾರಿಕೆ ಕಲಿತದ್ದು ನ್ಯೂಜಿಲೆಂಡಿನಲ್ಲಿ. ಕೀರ್ತಿ ಪಡೆದದ್ದು ಅಮೆರಿಕದಲ್ಲಿ. 1891ರಲ್ಲಿ ಮಧ್ಯಮತೂಕದ ಜಗತ್ಪಟ್ಟ, 1897ರ ಮಾರ್ಚಿನಲ್ಲಿ ಕಾರ್ಸನ್ ಪಟ್ಟಣದಲ್ಲಿ ಕಾರ್ಬೆಟ್ಟನನ್ನು ಎದೆಗೂಡಿನ ಕೆಳಗೆ ಗುದ್ದಿ ಕೆಡವಿ ಹೆಗ್ಗುರುತಿನ ಭಾರತೂಕದ ಪಟ್ಟ, 1903ರಲ್ಲಿ ನಾಲ್ವತ್ತರ ವಯಸ್ಸಿನಲ್ಲಿ ಲಘುಭಾರತೂಕದ ಪಟ್ಟ. ಮೂರು ತೂಕಗಳಲ್ಲಿ ಜಗಜ್ಜೆಟ್ಟಿಯಾದ ಮೊದಲಿಗನು ಇವನೇ. ಭಾರತೂಕವನ್ನು ಗೆದ್ದ ದಿನ ಅವನ ಮೈತೂಕ 170 ಪೌಂಡನ್ನೂ ಮುಟ್ಟಿರಲಿಲ್ಲ. ಇವನನ್ನು ಬ್ರಿಟಿಷನೆನ್ನಬಹುದೇ? ಎನ್ನಲಾಗದೆಂದರೆ ನಮ್ಮ ಕಾಲದ ಲೆನಾಕ್ಸ್ ಲೂಯಿಸನನ್ನೂ ಬಿಡಬೇಕಾದೀತು. ಅವನು ಲಂಡನ್ನಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, 1988ರ ಒಲಿಂಪಿಕ್ ಚಿನ್ನವನ್ನು ಕೆನಡಾಕ್ಕೆ ತಂದುಕೊಟ್ಟು, 1999ರಲ್ಲಿ ಹೋಲಿಫೀಲ್ಡನನ್ನು ಗೆದ್ದು ಭಾರತೂಕದ ನಿರ್ವಿವಾದ ಪಟ್ಟವನ್ನೇರಿದಾಗ ಬ್ರಿಟನ್ನಿನವನಾಗಿದ್ದನು. ಹುಟ್ಟಿದ ನೆಲವೇ ಪ್ರಮಾಣವೆಂದು ಇಟ್ಟುಕೊಂಡು ಇಬ್ಬರನ್ನೂ ಒಳಗೆ ಕರೆಯುವುದೇ ನ್ಯಾಯವೆಂದು ನಮಗೆ ತೋರುತ್ತದೆ.

ಆದರೂ ಮೊದಲ ಸ್ಥಾನ ಫಿಟ್ಸಿಮನ್ಸನಿಗಲ್ಲ. ಅದು ಜಿಮ್ಮಿ ವೈಲ್ಡನದು. 1892ರಲ್ಲಿ ವೇಲ್ಸಿನಲ್ಲಿ ಜನಿಸಿದ ಈತನು ಕಲ್ಲಿದ್ದಲ ಗಣಿಯಲ್ಲಿ ದುಡಿದ ಹುಡುಗ. ದೊಡ್ಡವರು ನುಸುಳಲಾಗದ ಕಿರುಬಿಲಗಳಲ್ಲಿ ತೆವಳಿ ಕಲ್ಲಿದ್ದಲನ್ನು ಅಗೆದವನು. ಆ ಕೆಲಸವೇ ಅವನ ತೋಳಿಗೆ ಉಕ್ಕನ್ನು ಕೊಟ್ಟಿತೆಂದು ಹೇಳುವುದುಂಟು. ಜಾತ್ರೆಯ ಡೇರೆಗಳಲ್ಲಿ ಬಂದಬಂದವರೊಡನೆ ಹೊಡೆದಾಡಿ ವಿದ್ಯೆ ಕಲಿತನು. ಅಲ್ಲಿನ ಪಂದ್ಯಗಳಿಗೆ ಲೆಕ್ಕವನ್ನಿಟ್ಟವರಿಲ್ಲ. ಲೆಕ್ಕಕ್ಕೆ ಸಿಕ್ಕಿದವು ಸುಮಾರು 150, ಅವುಗಳಲ್ಲಿ ನೂರರ ಹತ್ತಿರ ಎದುರಾಳಿಯು ಮುಗಿಯುವ ಮುನ್ನವೇ ಬಿದ್ದವು, ಸೋತವು ಬೆರಳೆಣಿಕೆಯವು. 1916ರಲ್ಲಿ ಕಿರುತೂಕದ ಜಗತ್ಪಟ್ಟ ದೊರೆಯಿತು. ಆ ತೂಕದ ಮಿತಿ 112 ಪೌಂಡು. ವೈಲ್ಡನು ಉಂಡು ಉಟ್ಟು ತಕ್ಕಡಿ ಹತ್ತಿದರೂ 108ನ್ನು ದಾಟುತ್ತಿದ್ದುದು ಅಪರೂಪ. ಅಂದರೆ ತನ್ನ ಬದುಕಿನಲ್ಲಿ ತನ್ನ ಸಮತೂಕದವನೊಡನೆ ಅವನು ಆಡಿದ್ದೇ ಕಡಿಮೆ. 1921ರಲ್ಲಿ ಪೀಟ್ ಹರ್ಮನ್ನನು ತೂಕದಲ್ಲಿ ಬಹಳ ಮೇಲಾಗಿ ಬಂದಾಗ ಪಂದ್ಯವನ್ನು ನಿಲ್ಲಿಸುವುದೇ ಸರಿಯಾಗಿತ್ತು. ಯುವರಾಜನು ನೋಡಲು ಬಂದಿದ್ದುದರಿಂದ ವೈಲ್ಡನು ಕಣಕ್ಕಿಳಿದು 17ನೆಯ ಸುತ್ತಿನವರೆಗೂ ನಿಂತು ಸೋತನು. ಇಂಥ ಸೋಲನ್ನು ಲೆಕ್ಕಕ್ಕೆ ಹಿಡಿಯುವ ಪಂಡಿತರೂ ಇರುವರು. ಅವರೊಡನೆ ನಮಗೆ ವಾದವಿಲ್ಲ.

ಪಟ್ಟವೇ ಅಳತೆಗೋಲೆನ್ನುವವರು ಕಾರ್ಡಿಫಿನ ಜಿಮ್ ಡ್ರಿಸ್ಕಲ್ಲನಿಗೆ ಏನು ಉತ್ತರ ಕೊಡುವರೋ ತಿಳಿಯದು. 1909ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವನು ಜಗಜ್ಜೆಟ್ಟಿ ಏಬ್ ಅಟೆಲನನ್ನು ಹತ್ತು ಸುತ್ತು ಆಟವಾಡಿಸಿಬಿಟ್ಟನು. ಆದರೆ ಅಲ್ಲಿ ಅಂದಿನ ಪದ್ಧತಿಯಂತೆ ಕೆಡವಿದರಷ್ಟೇ ಗೆಲುವು; ತೀರ್ಪೆಂಬುದಿಲ್ಲ. ಪತ್ರಿಕೆಗಳು ಡ್ರಿಸ್ಕಲ್ಲನೇ ಗೆದ್ದನೆಂದುವು. ಪಟ್ಟ ಅಟೆಲನಲ್ಲಿಯೇ ಉಳಿಯಿತು. ಮರುಪಂದ್ಯಕ್ಕಾಗಿ ಕಾಯದೆ ಡ್ರಿಸ್ಕಲ್ಲನು ಹಡಗು ಹತ್ತಿದನು. ತನ್ನೂರಿನ ಅನಾಥಾಲಯದ ಸಹಾಯಾರ್ಥ ಪ್ರದರ್ಶನಕ್ಕೆ ಬರುವೆನೆಂದು ಮಾತು ಕೊಟ್ಟಿದ್ದನು.

ಇತ್ತೀಚಿನವರ ವಿಷಯದಲ್ಲಿ ತೊಡಕು ತಿರುವುಮುರುವಾಗಿದೆ. ವೈಲ್ಡನ ಕಾಲಕ್ಕೆ ತೂಕಗಳು ಎಂಟು, ತೂಕಕ್ಕೊಬ್ಬನೇ ಜೆಟ್ಟಿ. ಈಗ ತೂಕಗಳು ಹದಿನೇಳಕ್ಕೆ ಕಡಿಮೆಯಿಲ್ಲ, ಪಟ್ಟ ಕಟ್ಟುವ ಸಂಸ್ಥೆಗಳು ನಾಲ್ಕು. ವೇಲ್ಸಿನ ಜೋ ಕ್ಯಾಲ್ಝಾಗಿ 46 ಪಂದ್ಯಗಳನ್ನಾಡಿ ಒಂದನ್ನೂ ಸೋಲದೆ 2009ರಲ್ಲಿ ನಿವೃತ್ತನಾದನು. ದೊಡ್ಡ ಸಾಧನೆಯೇ ಸರಿ; ಆದರೆ 2006ಕ್ಕೆ ಮುಂಚೆ ಅವನಿದಿರು ನಿಂತವರಲ್ಲಿ ಬಹುಮಂದಿ ಎರಡನೆಯ ಪಂಕ್ತಿಯವರು. ಸ್ಕಾಟ್‌ಲೆಂಡಿನ ಕೆನ್ ಬುಕಾನನ್ನನು 1970ರಲ್ಲಿ ಸ್ಯಾನ್ ಹ್ವಾನಿನ ಉರಿಬಿಸಿಲಿನಲ್ಲಿ 15 ಸುತ್ತು ಕಾದಿ ಲಗುನನಿಂದ ಪಟ್ಟವನ್ನು ಕಿತ್ತುತಂದರೆ, ಅವನ ನಾಡಿನ ಮಂಡಲಿಯೇ ಮೊದಲು ಅದನ್ನು ಮಾನ್ಯಮಾಡಲಿಲ್ಲ. ಇವರಿಬ್ಬರಲ್ಲಿ ನಾವು ಬುಕಾನನ್ನನನ್ನು ಮೇಲಿಡುತ್ತೇವೆ.

ಮಧ್ಯಮತೂಕದವರಿಗೆ ಬಂದಾಗ ಎಲ್ಲರೂ ಹೇಳುವ ಹೆಸರು ರಾಂಡಾಲ್ಫ್ ಟರ್ಪಿನ್ನನದು. 1951ರ ಜುಲೈ 10ರಂದು ಅವನು ಲಂಡನ್ನಿನಲ್ಲಿ ಷುಗರ್ ರೇ ರಾಬಿನ್ಸನ್ನನನ್ನು ಸೋಲಿಸಿದನು; 64 ದಿನಗಳ ಬಳಿಕ ಪಟ್ಟ ಕೈಬಿಟ್ಟಿತು. ಇವನ ತಂದೆ ಬ್ರಿಟಿಷ್ ಗಯಾನಾದಿಂದ ಬಂದ ಕರಿಯನು. ಮೂರೇ ವರ್ಷ ಹಿಂದೆ, 1948ರಲ್ಲಿ, ಇವನ ಅಣ್ಣ ಡಿಕ್ ಟರ್ಪಿನ್ನನು ಬ್ರಿಟಿಷ್ ಪಟ್ಟವನ್ನು ಗೆಲ್ಲುವವರೆಗೆ ಆ ಪಟ್ಟಕ್ಕೆ ಕರಿಯರು ಸ್ಪರ್ಧಿಸುವಂತಿರಲಿಲ್ಲ. ತಂದೆತಾಯಿಗಳಿಬ್ಬರೂ ಬಿಳಿಯರಾಗಿರಬೇಕೆಂದು ನಿಯಮವೇ ಇತ್ತು.

ಆ ನಿಯಮಕ್ಕೆ ಬಲಿಯಾದವನು ಮ್ಯಾಂಚೆಸ್ಟರಿನ ಲೆನ್ ಜಾನ್ಸನ್. ತಂದೆ ಪಶ್ಚಿಮ ಆಫ್ರಿಕದ ನಾವಿಕ, ತಾಯಿ ಬಿಳಿಯಳು. 1925ರಲ್ಲಿ ರೋಲಂಡ್ ಟಾಡನನ್ನು ಎರಡು ಸಲ ಗೆದ್ದನು. 1926ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಸಾಮ್ರಾಜ್ಯದ ಪಟ್ಟವನ್ನೇ ಗೆದ್ದರೆ, ಸ್ವದೇಶದಲ್ಲಿ ಅದನ್ನು ಪಟ್ಟವೆಂದೇ ಎಣಿಸಲಿಲ್ಲ. 1927ರಲ್ಲಿ ಲೆನ್ ಹಾರ್ವೆಯನ್ನು ಗೆದ್ದನು. ಎರಡು ವರ್ಷದ ಮೇಲೆ ಬ್ರಿಟಿಷ್ ಮಧ್ಯಮತೂಕದ ಪಟ್ಟವನ್ನೇರಿದವನು ಸೋತಿದ್ದ ಹಾರ್ವೆ. 1932ರಲ್ಲಿ ಹಾರ್ವೆಯು ಜಾನ್ಸನ್ನನ ಮೇಲೆ ಸೇಡು ತೀರಿಸಿಕೊಂಡನೆಂಬುದನ್ನೂ ಹೇಳತಕ್ಕದ್ದೇ. ಆದರೆ ಉತ್ಸಾಹದ ವರ್ಷಗಳೆಲ್ಲ ಮುಚ್ಚಿದ ಬಾಗಿಲನ್ನು ತಟ್ಟುವುದರಲ್ಲಿ ಕಳೆದಿದ್ದುವು. ಮರುವರ್ಷ ಅವನು ಪಂದ್ಯಗಳನ್ನು ಬಿಟ್ಟನು. 1953ರಲ್ಲಿ ಮ್ಯಾಂಚೆಸ್ಟರಿನ ಪಾನಗೃಹವೊಂದು ಅವನ ಬಣ್ಣವನ್ನು ನೋಡಿ ಪಾನೀಯವನ್ನು ನಿರಾಕರಿಸಿತು. ಅವನು ಜನರನ್ನು ಕೂಡಿಸಿ ಬಾಗಿಲಲ್ಲಿ ನಿಂತನು, ನಿರ್ಬಂಧವು ಹೋಯಿತು. ದಾಖಲೆ ಪುಸ್ತಕಗಳ ಬ್ರಿಟಿಷ್ ಜೆಟ್ಟಿಗಳ ಸಾಲಿನಲ್ಲಿ ಅವನ ಹೆಸರಿಲ್ಲ. ಆ ಸಾಲನ್ನೇ ನಂಬಿ ಹಿರಿಕಿರಿತನವನ್ನು ನಿಶ್ಚಯಿಸುವವರಿಗೆ ಅವನು ಹುಟ್ಟಿಯೇ ಇರಲಿಲ್ಲ.

ಹೀಗೆ ನಮ್ಮ ಪಟ್ಟಿಯಲ್ಲಿ ವೈಲ್ಡ್ ಮೊದಲಿಗ, ಫಿಟ್ಸಿಮನ್ಸ್ ಎರಡನೆಯವ, ಡ್ರಿಸ್ಕಲ್ ಮೂರನೆಯವ, ಬುಕಾನನ್ ನಾಲ್ಕನೆಯವ, ಲೆನಾಕ್ಸ್ ಲೂಯಿಸ್ ಐದನೆಯವ. ಟರ್ಪಿನ್ನನನ್ನು ಆರನೆಯ ಸಾಲಿನಲ್ಲಿ ಬರೆದು, ಅವನ ಪಕ್ಕದಲ್ಲಿಯೇ, ಅಂಕೆಯನ್ನು ಹಾಕದೆ, ಲೆನ್ ಜಾನ್ಸನ್ನನ ಹೆಸರನ್ನು ಬರೆದಿದ್ದೇವೆ.