ಸೂಜಿಗೆ ಸುಂಕವಿರಲಿಲ್ಲ

ಚಳಿಗಾಲ ಬಂತೆಂದರೆ ನಮ್ಮ ಊರುಗಳಿಗೆ ಕಾಶ್ಮೀರಿ ವ್ಯಾಪಾರಿಗಳು ಬರುತ್ತಾರೆ. ಹೆಗಲ ಗಂಟು ಬಿಚ್ಚಿ ಶಾಲು, ದಿಂಬಿನ ಗವಸು, ಪರದೆ ಬಟ್ಟೆಗಳನ್ನು ಜಗಲಿಯ ಮೇಲೆ ಹರಡುತ್ತಾರೆ. ದಪ್ಪ ಉಣ್ಣೆ ನೂಲಿನಲ್ಲಿ ಅರಳಿದ ಚಿನಾರ್ ಎಲೆ, ಬಾದಾಮಿ ಹೂವು, ಸುತ್ತಿ ಹರಿಯುವ ಬಳ್ಳಿಗಳು ನಮ್ಮ ಬೆರಳಿಗೆ ಉಬ್ಬಾಗಿ ತಗಲುತ್ತವೆ. ವಾಹ್ ಎನ್ನುತ್ತೇವೆ. ಆಮೇಲೆ ಹೇಳಿದ ಬೆಲೆಯ ಅರ್ಧಕ್ಕೆ ಕೇಳುತ್ತೇವೆ. ಆ ಬಳ್ಳಿಯ ಬೇರು ಎಷ್ಟು ಆಳಕ್ಕೆ ಇಳಿದಿದೆಯೆಂದು ನಾವು ಯೋಚಿಸುವುದಿಲ್ಲ.

ಕಾಶ್ಮೀರದ ಹಳೆಯ ಕೀರ್ತಿ ಕಸೂತಿಯದಲ್ಲ, ನೇಯ್ಗೆಯದು. ಬಣ್ಣದ ನೂಲು ಸುತ್ತಿದ ಚಿಕ್ಕ ಮರದ ಕಡ್ಡಿಗಳಿಂದ ಮಗ್ಗದಲ್ಲೇ ಹೂಬಳ್ಳಿ ಮೂಡಿಸುವ ಕಾನಿ ಶಾಲುಗಳು ಮೊಗಲ್ ದರ್ಬಾರಿನಿಂದ ಯೂರೋಪಿನವರೆಗೆ ಹೆಸರಾಗಿದ್ದವು. ಒಳ್ಳೆಯ ಒಂದು ಶಾಲಿಗೆ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಅಲ್ಲಿ ಸೂಜಿ ಹಿಡಿದವನು ರಫೂಗಾರ. ಶಾಲಿನ ತುಂಡುಗಳನ್ನು ಕಣ್ಣಿಗೆ ಕಾಣದಂತೆ ಜೋಡಿಸುವುದು, ಹರಿದದ್ದನ್ನು ಸರಿಪಡಿಸುವುದು ಅವನ ಕೆಲಸ.

1803ರಲ್ಲಿ ಖ್ವಾಜಾ ಯೂಸುಫ್ ಎಂಬ ಅರ್ಮೇನಿಯನ್ ವರ್ತಕ ಶಾಲು ಖರೀದಿಗೆಂದು ಕಾಶ್ಮೀರಕ್ಕೆ ಬಂದ. ಮಗ್ಗದಲ್ಲಿ ನೇಯುವ ಹೂಗಳನ್ನೇ ಸಾದಾ ಶಾಲಿನ ಮೇಲೆ ಸೂಜಿಯಿಂದ ಬಿಡಿಸಿದರೆ ಖರ್ಚು ಬಹಳ ಕಡಿಮೆಯಾಗುತ್ತದೆಂದು ಅವನಿಗೆ ಹೊಳೆಯಿತು. ಅಲಿ ಬಾಬಾ ಎಂಬ ರಫೂಗಾರ ಅದನ್ನು ಮಾಡಿ ತೋರಿಸಿದ. ಇದೇ ಅಮ್ಲಿ ಶಾಲು. ನೇಯ್ದ ಶಾಲಿಗೆ ಸರಕಾರದ ಭಾರೀ ಸುಂಕವಿತ್ತು. ಸೂಜಿಯ ಕೆಲಸಕ್ಕೆ ಆರಂಭದಲ್ಲಿ ಸುಂಕವಿರಲಿಲ್ಲ. ಬೆಲೆ ನೇಯ್ದ ಶಾಲಿನ ಮೂರನೆಯ ಒಂದು ಭಾಗ. ಎರಡು ದಶಕಗಳಲ್ಲಿ ಕಣಿವೆಯ ರಫೂಗಾರರ ಸಂಖ್ಯೆ ಸುಮಾರು 5,000ಕ್ಕೆ ಏರಿತು. 1819ರಲ್ಲಿ ರಣಜಿತ್ ಸಿಂಗರ ಆಳ್ವಿಕೆ ಬಂದಾಗ ಭೂಮಿ ಕಳೆದುಕೊಂಡ ಅನೇಕರೂ ಹೊಟ್ಟೆಪಾಡಿಗಾಗಿ ಸೂಜಿ ಹಿಡಿದರು.

ನೇಕಾರರ ಪಾಡು ಬೇರೆಯೇ ಆಗಿತ್ತು. ಅಫಘಾನರ ಕಾಲದಲ್ಲಿ ಶುರುವಾದ ಸುಂಕದ ಪದ್ಧತಿಯನ್ನು ಸಿಖ್ಖರೂ ಡೋಗ್ರಾ ಅರಸರೂ ಮುಂದುವರಿಸಿದರು. ಶಾಲಿಗೆ ಮುದ್ರೆ ಒತ್ತಿ ತೆರಿಗೆ ವಸೂಲಿ ಮಾಡುವ ಇಲಾಖೆಯ ಹೆಸರು 'ದಾಗ್ ಶಾಲ್'. ಉರ್ದುವಿನಲ್ಲಿ ದಾಗ್ ಎಂದರೆ ಗುರುತು. ಕಲೆ, ಕಳಂಕ ಎಂದೂ ಅರ್ಥವಿದೆ. 1865ರ ಏಪ್ರಿಲ್ 29ರಂದು ಶ್ರೀನಗರದ ಝಾಲ್‌ಡಗರ್‌ನಲ್ಲಿ ನೇಕಾರರು ಈ ತೆರಿಗೆಯ ವಿರುದ್ಧ ಬೀದಿಗಿಳಿದಾಗ ಸೈನ್ಯ ಅವರ ಮೇಲೆ ಎರಗಿತು. ಕನಿಷ್ಠ 28 ಮಂದಿ ಪ್ರಾಣ ಕಳೆದುಕೊಂಡರೆಂದು ಇತಿಹಾಸ ಹೇಳುತ್ತದೆ. ಆ ಕಲೆ ಯಾವ ನೀರಿಗೂ ಹೋಗುವಂಥದಲ್ಲ.

ಐದು ವರ್ಷಗಳ ಬಳಿಕ ಇನ್ನೊಂದು ಪೆಟ್ಟು ದೂರದಿಂದ ಬಂತು. ಶಾಲಿನ ದೊಡ್ಡ ಗಿರಾಕಿಯಾಗಿದ್ದ ಫ್ರಾನ್ಸ್ 1870-71ರ ಪ್ರಷ್ಯಾ ಯುದ್ಧದಲ್ಲಿ ಸೋತಿತು. ಅಲ್ಲಿನ ಹೆಂಗಸರ ಉಡುಪಿನ ರೀತಿಯೂ ಬದಲಾಯಿತು. ಪ್ಯಾರಿಸಿನಲ್ಲಿ ಬಾಗಿಲು ಮುಚ್ಚಿದರೆ ಶ್ರೀನಗರದಲ್ಲಿ ಒಲೆ ಆರಿತು. 1877ರಿಂದ 1879ರವರೆಗಿನ ಭೀಕರ ಬರಗಾಲ ಉಳಿದವರನ್ನೂ ಹಣ್ಣುಮಾಡಿತು.

ಮಗ್ಗ ನಿಂತರೂ ಸೂಜಿ ನಿಲ್ಲಲಿಲ್ಲ. ಶಾಲು ಕೊಳ್ಳುವವರಿಲ್ಲದಾಗ ಕಸಬುದಾರರು ಮನೆಯ ಬಟ್ಟೆಗಳತ್ತ ಹೊರಳಿದರು. ಬೇಸಿಗೆ ಕಳೆಯಲು ಬರುವ ಇಂಗ್ಲಿಷರಿಗೆ ಪರದೆ, ಮೇಜುವಸ್ತ್ರ, ದಿಂಬಿನ ಗವಸುಗಳು ಬೇಕಿದ್ದವು. ಇಲ್ಲಿ ಸಣ್ಣ ಸೂಜಿಗಿಂತ ಆರಿ ಹೆಚ್ಚು ಉಪಯೋಗಕ್ಕೆ ಬಂತು. ಆರಿ ಎಂದರೆ ಮರದ ಹಿಡಿಗೆ ಸಿಕ್ಕಿಸಿದ, ತುದಿಯಲ್ಲಿ ಕೊಕ್ಕೆಯಿರುವ ಸೂಜಿ. ನಮ್ಮ ಬೆಂಗಳೂರಿನ ದರ್ಜಿಗಳು ಮದುವೆಯ ರವಿಕೆಗೆ 'ಆರಿ ವರ್ಕ್' ಮಾಡುವುದೂ ಇಂಥದ್ದೇ ಸೂಜಿಯಿಂದ.

ಮೊದಲು ನಕ್ಕಾಶ್ ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸಣ್ಣ ತೂತು ಹಾಕುತ್ತಾನೆ. ಅದರ ಮೇಲೆ ಸುಣ್ಣದ ಇಲ್ಲವೆ ಇದ್ದಿಲ ಪುಡಿ ತಟ್ಟಿದರೆ ಬಟ್ಟೆಯ ಮೇಲೆ ಚುಕ್ಕಿಗಳು ಮೂಡುತ್ತವೆ. ಕಸೂತಿಗಾರ ಒಂದು ಕೈಯಲ್ಲಿ ಬಟ್ಟೆಯ ಅಡಿಯಿಂದ ಉಣ್ಣೆ ನೂಲು ಒದಗಿಸುತ್ತ, ಇನ್ನೊಂದು ಕೈಯ ಕೊಕ್ಕೆಯಿಂದ ಅದನ್ನು ಮೇಲಕ್ಕೆಳೆದು ಸರಪಳಿ ಹೊಲಿಗೆ ಹಾಕುತ್ತಾನೆ. ನೂಲು ದಪ್ಪವಾದಷ್ಟೂ ಹೂವು ಉಬ್ಬುತ್ತದೆ, ಬಟ್ಟೆ ಬೇಗ ತುಂಬುತ್ತದೆ. ಇಂಗ್ಲಿಷರು ತಮ್ಮ ಊರಿನ ಉಣ್ಣೆ ಕಸೂತಿಯ ಹೆಸರನ್ನೇ ಇದಕ್ಕಿಟ್ಟು 'ಕ್ರೂಯೆಲ್' ಎಂದರು. ಇದೇ ಆರಿ ಉಣ್ಣೆಯ ನಮ್ದಾ ಹಾಸಿನ ಮೇಲೂ ಓಡಿತು. ಅನಂತನಾಗ್‌ನ ಬಡವರು ಹಳೆಯ ಕಂಬಳಿಗಳನ್ನು ಒಗೆದು, ಬಣ್ಣ ಹಾಕಿ, ತುಂಡು ಜೋಡಿಸಿ, ಕಸೂತಿ ಮಾಡಿ 'ಗಬ್ಬಾ' ಎಂಬ ಹಾಸು ಮಾಡಿದರು. ನಮ್ಮ ಅಜ್ಜಿಯರು ಹಳೆ ಸೀರೆಗಳಿಂದ ಕೌದಿ ಹೊಲಿದಂತೆ.

ಶ್ರೀನಗರಕ್ಕೆ 2021ರಲ್ಲಿ ಯುನೆಸ್ಕೋದ ಸೃಜನಶೀಲ ನಗರವೆಂಬ ಮನ್ನಣೆ ಸಿಕ್ಕಿತು; 2024ರಲ್ಲಿ ವಿಶ್ವ ಕರಕುಶಲ ನಗರವೆಂಬ ಗೌರವವೂ ಬಂತು. ಸಂತೋಷ. ಆದರೆ ಬಿರುದು ನಗರಕ್ಕೆ ಸಿಗುತ್ತದೆ, ಕಣ್ಣು ಸವೆಯುವುದು ಕಸಬುದಾರನದು. ಯಂತ್ರದ ಹೊಲಿಗೆಯನ್ನು ಕೈಕೆಲಸವೆಂದು ಮಾರುವವರೂ ಇದ್ದಾರೆ. ಬಟ್ಟೆಯನ್ನು ತಿರುಗಿಸಿ ನೋಡಿದರೆ ಯಂತ್ರದ ಹೊಲಿಗೆ ಎಲ್ಲೆಡೆ ಒಂದೇ ಅಳತೆ. ಮನುಷ್ಯನ ಕೈ ಮಾತ್ರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುತ್ತದೆ.

ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಭಾಷಣಗಳಲ್ಲಿ ಬಹಳ ಕೇಳಿದ್ದೇವೆ. ಈ ಸಲ ಕಾಶ್ಮೀರದ ಗಂಟು ನಮ್ಮ ಜಗಲಿಯ ಮೇಲೆ ಬಿಚ್ಚಿದಾಗ ಅದು ನೆನಪಾದರೆ ಸಾಕು. ಕೈಕೆಲಸವೆಂದು ಗುರುತಿಸಿದ ಮೇಲೂ ಅರ್ಧಕ್ಕೆ ಕೇಳಿದರೆ, ಸೂಜಿಗೆ ಅಂದು ಇಲ್ಲದಿದ್ದ ಸುಂಕವನ್ನು ಇಂದು ವಸೂಲಿ ಮಾಡುವವರು ನಾವೇ ಆಗುತ್ತೇವೆ.