ಹುಲ್ಲೇ ವಿಷವಾದ ಬೇಸಿಗೆ

1783ರ ಜೂನ್ 8, ಭಾನುವಾರ. ಐಸ್‌ಲೆಂಡ್ ದ್ವೀಪದ ದಕ್ಷಿಣದ ಹಳ್ಳಿಗಳಲ್ಲಿ ಜನ ಪೆಂತೆಕೋಸ್ತಿನ ಹಬ್ಬಕ್ಕೆಂದು ಚರ್ಚಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ಆಕಾಶ ತಿಳಿಯಾಗಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಉತ್ತರದ ಬೆಟ್ಟಗಳ ಹಿಂದಿನಿಂದ ಕರಿಯ ಮೋಡವೊಂದು ಎದ್ದು ಬಂದು ಸೀಮೆಯನ್ನೆಲ್ಲ ಕವಿಯಿತು. ಮನೆಗಳೊಳಗೆ ಕತ್ತಲಾಯಿತು. ಸುಟ್ಟ ಕಲ್ಲಿದ್ದಲಿನ ಪುಡಿಯಂಥ ಬೂದಿ ಹುಲ್ಲಿನ ಮೇಲೆ ಕೂತಿತು.

ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತುದಿಯಿಂದ ಬೆಂಕಿ ಕಾರುವ ಗೋಪುರದಾಕಾರದ ಪರ್ವತ. ಅಂದು ಲಾಕಿ ಎಂಬ ಬೆಟ್ಟದ ಆಸುಪಾಸಿನಲ್ಲಿ ನಡೆದದ್ದು ಬೇರೆಯೇ ಬಗೆಯದು. ನೆಲವೇ ಸೀಳಿಕೊಂಡಿತು. ಸುಮಾರು 27 ಕಿಲೋಮೀಟರ್ ಉದ್ದದ ಬಿರುಕು, ಅದರುದ್ದಕ್ಕೂ ನೂರಕ್ಕೂ ಹೆಚ್ಚು ಬಾಯಿಗಳು. ಎಂಟು ತಿಂಗಳ ಕಾಲ, ಅಂದರೆ 1784ರ ಫೆಬ್ರುವರಿ 7ರ ತನಕ, ಅವುಗಳಿಂದ ಲಾವಾರಸ ಹರಿಯಿತು. ಸುಮಾರು 14 ಘನ ಕಿಲೋಮೀಟರಿಗೂ ಮಿಕ್ಕಿದ ಪ್ರಮಾಣ ಅದು. (ವಿಜಯಪುರ, ಬಾಗಲಕೋಟೆಗಳ ಎರೆಭೂಮಿಗೆ ತಾಯಿಯಾದ ಕರಿಗಲ್ಲು ಕೂಡ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೀಗೆಯೇ ನೆಲದ ಬಿರುಕುಗಳಿಂದ ಹರಿದುಬಂದದ್ದು. ಆ ಪ್ರಳಯದ ಮುಂದೆ ಲಾಕಿ ಏನೇನೂ ಅಲ್ಲವೆನ್ನಿ.)

ಈ ಎಂಟು ತಿಂಗಳ ವಿವರ ನಮಗೆ ಇಷ್ಟು ನಿಖರವಾಗಿ ಗೊತ್ತಿರುವುದಕ್ಕೆ ಮುಖ್ಯ ಕಾರಣ ಒಬ್ಬ ಹಳ್ಳಿಯ ಪಾದ್ರಿ. ಯೋನ್ ಸ್ಟೈನ್‌ಗ್ರಿಮ್‌ಸನ್ ಎಂಬ ಈತ ತನಗೆ ತಿಳಿದಷ್ಟು ವೈದ್ಯವನ್ನೂ ಮಾಡುತ್ತಿದ್ದ. ಜುಲೈ 20ರಂದು ಲಾವಾ ಪ್ರವಾಹ ನದಿಯ ಕಣಿವೆಯಲ್ಲಿ ಇಳಿದು ಚರ್ಚಿನ ಕಡೆಗೇ ಬರುತ್ತಿದ್ದಾಗ ಆತ ಊರವರನ್ನು ಒಳಗೆ ಸೇರಿಸಿ ಪ್ರಾರ್ಥನೆ ನಡೆಸಿದ. ಮುಗಿಸಿ ಹೊರಬಂದು ನೋಡಿದರೆ ಪ್ರವಾಹ ಮುಂದೆ ಸರಿಯದೆ ನಿಂತಿತ್ತು! ಮುಂದೆ ಹರಿದದ್ದು ತಣಿದು ಗೋಡೆಯಾಗಿ ಹಿಂದಿನದನ್ನು ತಡೆಯಿತೆಂದು ಇಂದಿನವರು ಹೇಳಬಹುದು. ಊರಿನವರ ಪಾಲಿಗೆ ಅದು ಪವಾಡ. ಈ ‘ಬೆಂಕಿಯ ಪ್ರಾರ್ಥನೆ’ ಐಸ್‌ಲೆಂಡಿನಲ್ಲಿ ಇಂದಿಗೂ ಮನೆಮಾತು.

ಆದರೆ ಜನ ಸತ್ತದ್ದು ಈ ಬೆಂಕಿಯಿಂದಲ್ಲ. ಲಾವಾ ನಿಧಾನವಾಗಿ ಬರುತ್ತದೆ, ಅದರಿಂದ ಓಡಿ ತಪ್ಪಿಸಿಕೊಳ್ಳಬಹುದು. ಅದರ ಜೊತೆಗೆ ಹೊರಬಿದ್ದ ಅನಿಲಗಳಿಂದ ಓಡಿ ಎಲ್ಲಿಗೆ ಹೋಗುವುದು? ಲಾಕಿ ಹೊರಗೆಡವಿದ ಗಂಧಕದ ಡೈಆಕ್ಸೈಡ್ ಸುಮಾರು 12 ಕೋಟಿ ಟನ್ನು ಎಂದು ವಿಜ್ಞಾನಿಗಳ ಲೆಕ್ಕ. 1991ರಲ್ಲಿ ಫಿಲಿಪೀನ್ಸಿನ ಪಿನಟುಬೊ ಸಿಡಿದು ಭೂಮಿಯನ್ನೇ ಸುಮಾರು ಅರ್ಧ ಡಿಗ್ರಿ ತಂಪಾಗಿಸಿತಲ್ಲ, ಅದು ಉಗುಳಿದ್ದು ಒಂದೂವರೆ–ಎರಡು ಕೋಟಿ ಟನ್ನು ಮಾತ್ರ. ಗಾಳಿಯ ತೇವದೊಡನೆ ಸೇರಿದ ಈ ಅನಿಲ ಗಂಧಕಾಮ್ಲದ ಸಣ್ಣ ಸಣ್ಣ ಹನಿಯಾಗುತ್ತದೆ. ಮಳೆಯ ಹನಿ ಬಿದ್ದಲ್ಲಿ ಎಲೆಗಳಿಗೆ ತೂತು ಬಿತ್ತು, ಜನರ ಮೈ ಉರಿಯಿತು.

ಅದಕ್ಕಿಂತ ಕ್ರೂರವಾದದ್ದು ಫ್ಲೋರಿನ್. ಸುಮಾರು 80 ಲಕ್ಷ ಟನ್ನಿನಷ್ಟು ಹೊರಬಂದ ಇದು ಬೂದಿಯ ಕಣಗಳಿಗೆ ಅಂಟಿಕೊಂಡು ಹುಲ್ಲಿನ ಮೇಲೆ ಇಳಿಯಿತು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಸ್ವಲ್ಪ ಹೆಚ್ಚಾದರೆ ಮಕ್ಕಳ ಹಲ್ಲು, ದೊಡ್ಡವರ ಮೂಳೆ ಏನಾಗುತ್ತದೆಂಬುದನ್ನು ಪಾವಗಡ, ಮುಂಡರಗಿಯ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ವರ್ಷಗಟ್ಟಲೆ ಕುಡಿದ ಮೇಲೆ ಆಗುವುದು ಐಸ್‌ಲೆಂಡಿನ ಕುರಿಗಳಿಗೆ ಕೆಲವೇ ವಾರ–ತಿಂಗಳುಗಳಲ್ಲಿ ಆಯಿತು. ಪಕ್ಕೆ, ದವಡೆ, ಕಾಲುಗಳಲ್ಲಿ ಎಲುಬಿನ ಗಂಟುಗಳೆದ್ದವು. ಗೊರಸು ಸಡಿಲಗೊಂಡವು. ಪಾದ್ರಿ ಇದನ್ನೆಲ್ಲ ಒಂದೊಂದಾಗಿ ಗುರುತು ಹಾಕಿಕೊಂಡಿದ್ದಾನೆ. ಕಾರಣ ಮಾತ್ರ ಆತನಿಗೆ ತಿಳಿಯುವಂತಿರಲಿಲ್ಲ. ಫ್ಲೋರಿನ್ ಎಂಬ ಮೂಲವಸ್ತುವನ್ನು ಯಾರೂ ಬೇರ್ಪಡಿಸಿಯೇ ಇರಲಿಲ್ಲ, ಅದಾದದ್ದು 1886ರಲ್ಲಿ.

ಧಾನ್ಯ ಬೆಳೆಯದ ಆ ಚಳಿನಾಡಿನಲ್ಲಿ ಹುಲ್ಲೆಂದರೆ ಅನ್ನ. ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲಿನ ಮೇಲೆ ದನ–ಕುರಿಗಳ ಚಳಿಗಾಲ, ದನ–ಕುರಿಗಳ ಮೇಲೆ ಮನುಷ್ಯರ ಚಳಿಗಾಲ ನಿಂತಿತ್ತು. ಅರ್ಧದಷ್ಟು ದನಗಳೂ ಐದರಲ್ಲಿ ನಾಲ್ಕು ಪಾಲು ಕುರಿಗಳೂ ಸತ್ತವು. ಅಂದು ಐಸ್‌ಲೆಂಡನ್ನು ಆಳುತ್ತಿದ್ದ ಡೆನ್ಮಾರ್ಕ್ ಶರತ್ಕಾಲದಲ್ಲಿ ಕಳಿಸಿದ ಹಡಗು ಬಿರುಗಾಳಿಗೆ ಸಿಕ್ಕಿ ನಾರ್ವೆಯಲ್ಲಿ ಚಳಿಗಾಲ ಕಳೆಯಬೇಕಾಯಿತು. ದ್ವೀಪ ತಲುಪಿದ್ದು ಮರುವರ್ಷದ ವಸಂತದಲ್ಲಿ. ಸುಮಾರು 50 ಸಾವಿರ ಜನಸಂಖ್ಯೆಯ ನಾಡಿನಲ್ಲಿ ಐದರಲ್ಲೊಂದು ಪಾಲು ಜನ ಹಸಿವು, ರೋಗಗಳಿಂದ ಅಳಿದರು. ಪಾದ್ರಿಯ ಹೆಂಡತಿಯೂ 1784ರಲ್ಲಿ ತೀರಿಕೊಂಡಳು.

ಅದೇ ವರ್ಷ ಈತ ಸರ್ಕಾರದ ಪರಿಹಾರದ ಹಣ ತರಲು ಹೋದ. ಮೊಹರು ಮಾಡಿದ ಹಣವನ್ನು ಜಿಲ್ಲೆಯ ಅಧಿಕಾರಿಗೆ ಒಪ್ಪಿಸಬೇಕೆಂಬುದು ಆಜ್ಞೆ. ದಾರಿಯಲ್ಲಿ ತನ್ನ ಸೀಮೆಯ ರೈತರು ಜಾನುವಾರು ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ನಿಂತಿದ್ದರು. ಆತ ಮೊಹರು ಒಡೆದು ಅವರಿಗೆ ಹಂಚಿದ. ಇದಕ್ಕೆ ಸರ್ಕಾರ ಆತನಿಂದ ದಂಡ ವಸೂಲು ಮಾಡಿತು, ಬಹಿರಂಗವಾಗಿ ಕ್ಷಮೆಯನ್ನೂ ಕೇಳಿಸಿತು. ಹಡಗು ತಡವಾದರೂ ಕಡತ ತಡವಾಗಲಿಲ್ಲ ನೋಡಿ!

ಇತ್ತ ಯುರೋಪಿನಲ್ಲಿ ಜೂನ್ ಮೂರನೆಯ ವಾರದಿಂದಲೇ ವಿಚಿತ್ರವಾದ ಮಂಜು ಕವಿಯತೊಡಗಿತ್ತು. ತೇವವಿಲ್ಲದ, ಗಂಧಕ ನಾರುವ ಒಣಮಂಜು. ಇಂಗ್ಲೆಂಡಿನ ಸೆಲ್‌ಬೋರ್ನ್ ಗ್ರಾಮದ ಗಿಲ್ಬರ್ಟ್ ವೈಟ್ ಎಂಬ ನಿಸರ್ಗಪ್ರೇಮಿ ಪಾದ್ರಿ ನಡುಹಗಲಿನ ಸೂರ್ಯ ಚಂದ್ರನಂತೆ ಕಳೆಗುಂದಿದ್ದನ್ನು, ನೆಲದ ಮೇಲೆ ತುಕ್ಕಿನ ಬಣ್ಣದ ಬೆಳಕು ಬಿದ್ದದ್ದನ್ನು ದಾಖಲಿಸಿದ್ದಾನೆ. ಹೊಲಗಳಲ್ಲಿ ದುಡಿಯುವವರು ಉಸಿರಾಡಲಾರದೆ ಬಿದ್ದರು. ಇಂಗ್ಲೆಂಡಿನ ಚರ್ಚುಗಳ ಮರಣದಾಖಲೆಗಳನ್ನು ಈಚೆಗೆ ಪರಿಶೀಲಿಸಿದವರು ಆ ಬೇಸಿಗೆ ಮತ್ತು ಮುಂದಿನ ಕಡುಚಳಿಯಲ್ಲಿ ವಾಡಿಕೆಗಿಂತ ಸುಮಾರು 20 ಸಾವಿರ ಹೆಚ್ಚು ಸಾವು ಸಂಭವಿಸಿದ್ದವೆಂದು ಅಂದಾಜು ಮಾಡಿದ್ದಾರೆ.

ಆಗ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಭೂತಗನ್ನಡಿಯಿಂದ ಬಿಸಿಲನ್ನು ಕಾಗದದ ಮೇಲೆ ಕೇಂದ್ರೀಕರಿಸಿದರೂ ಅದು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲವೆಂಬುದನ್ನು ಗಮನಿಸಿದ. ಮಂಜು ಬಿಸಿಲಿನ ಶಾಖವನ್ನು ತಡೆಯುತ್ತಿದೆ, ಅದರಿಂದಲೇ ಚಳಿಗಾಲ ಇಷ್ಟು ಕಠಿಣವಾಗಿದೆ ಎಂದು 1784ರಲ್ಲಿ ಬರೆದ. ಮಂಜಿನ ಮೂಲ ಐಸ್‌ಲೆಂಡಿನ ಹೆಕ್ಲಾ ಜ್ವಾಲಾಮುಖಿ ಇರಬಹುದೆಂದೂ ಊಹಿಸಿದ. ಬೆಟ್ಟ ತಪ್ಪಿತು, ದ್ವೀಪ ತಪ್ಪಲಿಲ್ಲ.

ಅದೇ ವರ್ಷಗಳಲ್ಲಿ ನೈಲ್ ನದಿಯ ಪ್ರವಾಹ ಕುಗ್ಗಿ ಈಜಿಪ್ಟಿನಲ್ಲಿ ಬರಗಾಲ ಬಂತು. ಉತ್ತರದ ಭೂಭಾಗ ತಂಪಾದದ್ದರಿಂದ ಆಫ್ರಿಕದ ಮುಂಗಾರು ಸೋತಿತೆಂದು 2006ರ ಕಂಪ್ಯೂಟರ್ ಅಧ್ಯಯನವೊಂದು ತೋರಿಸಿದೆ. ಉತ್ತರ ಭಾರತದಲ್ಲೂ 1783–84ರಲ್ಲಿ ‘ಚಾಲೀಸಾ’ ಎಂಬ ಭೀಕರ ಕ್ಷಾಮ ಬಿತ್ತು. ವಿಕ್ರಮ ಸಂವತ್ 1840ರಲ್ಲಿ ಬಂದದ್ದರಿಂದ ಆ ಹೆಸರು. ಆದರೆ ಅಲ್ಲಿ ಮಳೆಯ ಅಭಾವ ಲಾಕಿಗೆ ಮುಂಚೆಯೇ ಶುರುವಾಗಿತ್ತು. ಫ್ರಾನ್ಸಿನ ಕ್ರಾಂತಿಯನ್ನು ಕೂಡ ಈ ಬಿರುಕಿನಿಂದಲೇ ಹೊರಡಿಸುವವರಿದ್ದಾರೆ. ಎಲ್ಲವನ್ನೂ ಲಾಕಿಯ ತಲೆಗೆ ಕಟ್ಟುವುದು ತುಸು ಅತಿಯೆನಿಸುತ್ತದೆ.

2014ರ ಆಗಸ್ಟ್ ಕೊನೆಯಲ್ಲಿ ಐಸ್‌ಲೆಂಡಿನ ಹೊಲುಹ್ರೌನ್ ಬಯಲಿನಲ್ಲಿ ನೆಲ ಮತ್ತೆ ಸೀಳಿತು. ಲಾಕಿಯ ನಂತರ ಆ ದೇಶ ಕಂಡ ಅತಿ ದೊಡ್ಡ ಲಾವಾ ಪ್ರವಾಹ ಅದು. ಆರು ತಿಂಗಳಲ್ಲಿ ಹೊರಬಂದ ಗಂಧಕದ ಡೈಆಕ್ಸೈಡ್ ಸುಮಾರು 1.1 ಕೋಟಿ ಟನ್ನು. ಈ ಬಾರಿ ಅನಿಲವನ್ನು ಅಳೆದು ಜನರಿಗೆ ಮುನ್ನೆಚ್ಚರಿಕೆ ಕೊಡುವ ಏರ್ಪಾಡಿತ್ತು. ಅದೃಷ್ಟವೂ ಇತ್ತು: ಜಾಗ ನಿರ್ಜನವಾದದ್ದು, ಗಾಳಿ ಜೋರಾಗಿತ್ತು, ಬಹುಕಾಲ ಚಳಿಗಾಲವೇ ಆಗಿತ್ತು. ಕುರಿಗಳು ಕೊಟ್ಟಿಗೆಯಲ್ಲಿದ್ದವು, ಹುಲ್ಲು ಹಿಮದ ಕೆಳಗಿತ್ತು.