ಆಮ್ಲ ಮಳೆ ಮತ್ತು ಮಣ್ಣಿನ ಆಮ್ಲೀಯತೆ: ಮೋಟೆಬೆನ್ನೂರು ಭಾಗದ ಸಾರ್ವಜನಿಕರಿಗೆ ಮಾಹಿತಿ

ಮೋಟೆಬೆನ್ನೂರು, ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಗ್ರಾಮವಾಗಿದೆ. ಬೆಳೆಯ ಎಲೆ ಮುದುಡಿದಾಗ ಆಮ್ಲ ಮಳೆಯೇ ಕಾರಣವೆಂದು ಭಾವಿಸಿ ಜಮೀನಿಗೆ ಸುಣ್ಣ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ಅವಶ್ಯ. ಈ ಕುರಿತ ವಿವರಗಳನ್ನು ಕೆಳಗೆ ನೀಡಲಾಗಿದೆ.

1. ಆಮ್ಲ ಮಳೆ ಎಂದರೇನು?
ಶುದ್ಧ ಮಳೆನೀರು ಸಹ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಅಲ್ಪ ಆಮ್ಲೀಯವಾಗಿರುತ್ತದೆ. ಅದರ ರಸಸಾರ (ಪಿಎಚ್) ಸುಮಾರು 5.6. ಕಲ್ಲಿದ್ದಲು ಹಾಗೂ ಡೀಸೆಲ್ ಉರಿಯುವಾಗ ಹೊರಬೀಳುವ ಗಂಧಕದ ಡೈಆಕ್ಸೈಡ್ ಮತ್ತು ಸಾರಜನಕದ ಆಕ್ಸೈಡ್‌ಗಳು ಗಂಧಕಾಮ್ಲ ಹಾಗೂ ನೈಟ್ರಿಕ್ ಆಮ್ಲಗಳಾಗಿ ಮಾರ್ಪಟ್ಟಾಗ ರಸಸಾರವು ಇನ್ನೂ ಕಡಿಮೆಯಾಗುತ್ತದೆ. ಮಳೆಯಿಲ್ಲದ ದಿನಗಳಲ್ಲಿಯೂ ಇವು ಎಲೆ ಮತ್ತು ಮಣ್ಣಿನ ಮೇಲೆ ಶೇಖರಣೆಯಾಗುತ್ತವೆ.

2. ಅರಣ್ಯಗಳ ಮೇಲಿನ ಪರಿಣಾಮ
ಯುರೋಪ್ ಮತ್ತು ಉತ್ತರ ಅಮೆರಿಕದ ಅರಣ್ಯಗಳಲ್ಲಿ ಆಮ್ಲವು ಮಣ್ಣಿನ ಸುಣ್ಣ ಹಾಗೂ ಮೆಗ್ನೀಷಿಯಂ ಅಂಶಗಳನ್ನು ಬಸಿದು ಹೋಗುವಂತೆ ಮಾಡಿತು. ಕರಗಿದ ಅಲ್ಯೂಮಿನಿಯಂ ಮರಗಳ ಎಳೆಯ ಬೇರುಗಳಿಗೆ ಹಾನಿ ಉಂಟುಮಾಡುತ್ತದೆ.

3. ಈ ಭಾಗದ ಸ್ಥಿತಿ
ಒಣ ಪ್ರದೇಶಗಳಲ್ಲಿ ಗಾಳಿಗೆ ಏಳುವ ಮಣ್ಣಿನ ಧೂಳಿನಲ್ಲಿರುವ ಸುಣ್ಣದ ಅಂಶವು ಮಳೆಯ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಎರೆ ಭೂಮಿಯಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮಸಾರಿ ಭೂಮಿಗೆ ಈ ತಾಳಿಕೆ ಕಡಿಮೆ. ಅಮೋನಿಯಂ ಸಲ್ಫೇಟ್, ಯೂರಿಯಾಗಳ ನಿರಂತರ ಬಳಕೆಯಿಂದಲೂ ಅಲ್ಲಿ ಆಮ್ಲೀಯತೆ ಹೆಚ್ಚುತ್ತದೆ. ಮಳೆನೀರು ಆಮ್ಲೀಯವಾಗಿಲ್ಲ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆ ಎಂದು ಅರ್ಥವಲ್ಲ. 2009ರ ರಾಷ್ಟ್ರೀಯ ಮಾನಕದಂತೆ ವಾರ್ಷಿಕ ಸರಾಸರಿಯು ಪ್ರತಿ ಘನ ಮೀಟರಿಗೆ ಗಂಧಕದ ಡೈಆಕ್ಸೈಡ್ 50 ಮತ್ತು ಸಾರಜನಕದ ಡೈಆಕ್ಸೈಡ್ 40 ಮೈಕ್ರೋಗ್ರಾಂ ಮೀರುವಂತಿಲ್ಲ.

4. ಮೆಣಸಿನಕಾಯಿ ಬೆಳೆಗಾರರ ಗಮನಕ್ಕೆ
ಎಲೆಗಳು ಮೇಲ್ಮುಖವಾಗಿ ಮುದುಡಿದ್ದಲ್ಲಿ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದಲ್ಲಿ ಮೈಟ್ ನುಸಿ ಸಾಮಾನ್ಯ ಕಾರಣವಾಗಿರುತ್ತದೆ. ಇದಕ್ಕೆ ಸುಣ್ಣ ಪರಿಹಾರವಲ್ಲ. ಈಗಾಗಲೇ ಸುಣ್ಣದ ಅಂಶ ಹೆಚ್ಚಿರುವ ಎರೆ ಭೂಮಿಗೆ ಮತ್ತೆ ಸುಣ್ಣ ಹಾಕಿದಲ್ಲಿ ಕಬ್ಬಿಣ ಮತ್ತು ಸತುವಿನ ಕೊರತೆ ಉಂಟಾಗಬಹುದು.

5. ಮಣ್ಣು ಪರೀಕ್ಷೆಗೆ ಮಾದರಿ ಸಲ್ಲಿಸುವ ವಿಧಾನ
ಅ) ಜಮೀನಿನ ಹಲವು ಕಡೆ ‘ವಿ’ ಆಕಾರದ ಗುಂಡಿ ತೆಗೆದು, 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಸಂಗ್ರಹಿಸತಕ್ಕದ್ದು.
ಆ) ಬದುವಿನ ಪಕ್ಕ, ಮರದ ನೆರಳು ಮತ್ತು ತಿಪ್ಪೆಯ ಸಮೀಪದ ಮಣ್ಣು ತೆಗೆಯಬಾರದು. ಎರೆ ಮತ್ತು ಮಸಾರಿ ಮಣ್ಣನ್ನು ಬೆರೆಸಬಾರದು.
ಇ) ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕಿಲೋ ಮಾದರಿಯನ್ನು ರೈತರ ಹೆಸರು ಹಾಗೂ ಸರ್ವೆ ನಂಬರ್ ಬರೆದ ಚೀಟಿಯೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ನೀಡುವುದು.
ಈ) ವರದಿಯಲ್ಲಿ ರಸಸಾರವು 6.5ಕ್ಕಿಂತ ಕಡಿಮೆಯಿದ್ದಲ್ಲಿ ಮಾತ್ರ ಸುಣ್ಣದ ಪ್ರಮಾಣದ ಬಗ್ಗೆ ಕೃಷಿ ಅಧಿಕಾರಿಗಳ ಸಲಹೆ ಪಡೆಯುವುದು.

6. ಹೊಗೆ ಮತ್ತು ದುರ್ವಾಸನೆ ಕುರಿತ ದೂರುಗಳು
ಕೈಗಾರಿಕೆಗಳ ಹೊಗೆಯಿಂದ ತೊಂದರೆಯಾದಲ್ಲಿ ಸ್ಥಳ, ದಿನಾಂಕ ಮತ್ತು ವೇಳೆ ನಮೂದಿಸಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಸಲ್ಲಿಸಬಹುದು. ವಾಯು ಮಾಪನದ ಅಂಕಿ ಅಂಶಗಳನ್ನು ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.